ನಿಂಗಮ್ಮನ ಕೂಸು ಮತ್ತು ಒಂದು ಖಾಲಿ ಟ್ಯಾಗು

ನಾನು ಬಿಟ್ಟು ಬಂದ ಕುರ್ಚಿಯಲ್ಲಿ ಈಗ ಅಶ್ವಿನಿ ಎಂಬ ಹುಡುಗಿ ಕೂತಿದ್ದಾಳೆ. ಚುರುಕು ಹುಡುಗಿ. ಮೊನ್ನೆ ಫೋನ್ ಮಾಡಿ, "ಮೇಡಂರಿ, ಹಳೇ ಪ್ರೋಗ್ರಾಂ ಸ್ವಚ್ಛ ಮಾಡಾಕತ್ತೇನ್ರಿ. ಹೆಸರಿನ ಜಾಗ ಖಾಲಿ ಇದ್ರ ತಾಯಿ ಹೆಸರು ತೊಗೊಂಡು ಅದರ ಮುಂದ 'ಕೂಸು' ಅಂತ ಸೇರಿಸು ಅಂತ ಒಂದು ಸಾಲು ಬರದೀರಿ. ಯಾಕಂತ ತಿಳೀಲಿಲ್ಲ. ತೆಗದು ಹಾಕ್ಲೇನ್ರಿ?" ಎಂದು ಕೇಳಿದಳು.

ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಅದನ್ನು ಅಲ್ಲೇ ಬಿಟ್ಟು, "ಆ ಸಾಲಿಗಿ ಕೈ ಹಚ್ಚಿದ್ರ ನೋಡು ಮತ್ತ!" ಎಂದು ಗದರಿಬಿಟ್ಟೆ. ಪಾಪ, ಹೆದರಿರಬೇಕು. ಗದರಿದ ಮೇಲೆ ಕಾರಣ ಹೇಳುವುದು ನ್ಯಾಯ. ಆ ಕಾರಣ ಫೋನಿನಲ್ಲಿ ಹೇಳಿ ಮುಗಿಯುವಂಥದಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಅಶ್ವಿನಿಯಂತೆ ಈ ಕೆಲಸಕ್ಕೆ ಹೊಸದಾಗಿ ಬರುವವರೂ ಓದಿಕೊಳ್ಳಲಿ.

ನಮ್ಮ ಕಚೇರಿ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನು ತೂಗಿ, ನೋಡಿ, ತೊಂದರೆ ಕಂಡವರನ್ನು ದೊಡ್ಡ ಡಾಕ್ಟರರಿಗೆ ತೋರಿಸುವ ಸಣ್ಣ ಸೇವಾ ಸಂಸ್ಥೆ ಅಂದರೆ ಸಾಕು. ಅಲ್ಲಿ ನಾನು ಕಂಪ್ಯೂಟರಿನವಳು. ಬಡ್ತಿಯ ಕಥೆ ಹೇಳುವುದಿಲ್ಲ. ಹೇಳುವಷ್ಟು ಸಿಗಲೂ ಇಲ್ಲ.

ಮೊದಮೊದಲು ಸುರಪುರದ ಮಾಹಿತಿ ಫ್ಲಾಪಿಯಲ್ಲಿ ಬರುತ್ತಿತ್ತು. ಫ್ಲಾಪಿ ಬರುತ್ತಿದ್ದುದು ಬಸ್ಸಿನಲ್ಲಿ, ಡ್ರೈವರನ ಪಕ್ಕದ ಇಂಜಿನ್ ಮುಚ್ಚಳದ ಮೇಲೆ. ನಮ್ಮ ಕಡೆಯ ಬಿಸಿಲು, ಮೇಲೆ ಇಂಜಿನ್ನಿನ ಕಾವು. ಯಾದಗಿರಿ ಮುಟ್ಟುವಷ್ಟರಲ್ಲಿ ಅರ್ಧ ಫ್ಲಾಪಿಗಳು ಓದಲು ಬಾರದ ಹಾಗೆ ಆಗಿರುತ್ತಿದ್ದವು. ಡ್ರೈವರನಿಗೆ ನಮ್ಮ ಕೆಲಸ ಒಂದು ತಮಾಷೆ. "ಬರ್ರಿ ಬಾಯಾರ, ನಿಮ್ಮ ಹಪ್ಪಳ ಸುಟಗೊಂಡು ತಂದೀನಿ" ಎಂದು ಕಿಟಕಿಯಿಂದ ಕೈಗೆ ಕೊಡುತ್ತಿದ್ದ. ಅವನು ಹೇಳಿದ್ದು ನಿಜವೇ ಆಗಿರುತ್ತಿತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಆಮೇಲೆ ಇಂಟರ್ನೆಟ್ ಬಂತು, ಅದರ ಹಿಂದೆ ಎಕ್ಸ್‌ಎಂಎಲ್ ಬಂತು. ಹೆಸರು ಕೇಳಿ ಗಾಬರಿಯಾಗುವುದು ಬೇಡ. ಬುತ್ತಿ ಕಟ್ಟುವವರಿಗೆ ಅದು ಗೊತ್ತಿರುವ ಸಂಗತಿಯೇ. ಒಂದೊಂದು ಸಂಗತಿಗೂ ಒಂದೊಂದು ಡಬ್ಬಿ, ಡಬ್ಬಿಯ ಮೇಲೆ ಒಳಗೇನಿದೆ ಎಂದು ಬರೆದ ಚೀಟಿ. ಆ ಚೀಟಿಗೆ ಟ್ಯಾಗು ಅನ್ನುತ್ತಾರೆ. ತಾಯಿ ಅನ್ನುವ ಡಬ್ಬಿಯಲ್ಲಿ ತಾಯಿಯ ಹೆಸರು, ತೂಕ ಅನ್ನುವ ಡಬ್ಬಿಯಲ್ಲಿ ತೂಕ. ಇವೆಲ್ಲ ಸೇರಿ ಕೂಸು ಅನ್ನುವ ದೊಡ್ಡ ಡಬ್ಬಿಯೊಳಗೆ. ಸುರಪುರದಲ್ಲಿ ನಮ್ಮ ರೇಣುಕಾ ಹಳ್ಳಿ ತಿರುಗಿ ಬಂದು ಕಂಪ್ಯೂಟರಿಗೆ ತುಂಬಿಸಿದ್ದು ಇಂಥ ಒಂದು ಫೈಲ್ ಆಗಿ ಯಾದಗಿರಿಗೆ, ನನ್ನ ಹತ್ತಿರ ಬರುತ್ತಿತ್ತು. ಡಾಕ್ಟರರ ಶಿಬಿರ ನಡೆಯುತ್ತಿದ್ದುದು ನಡುವಿನ ಊರು ಶಹಾಪುರದಲ್ಲಿ. ಅಲ್ಲಿಯವರು ಒಂದು ವೆಬ್ ಪುಟ ತೆರೆದರೆ, ಆ ಪುಟ ನನ್ನಲ್ಲಿದ್ದ ಫೈಲನ್ನು ತರಿಸಿಕೊಂಡು, ಡಬ್ಬಿ ಬಿಚ್ಚಿ, ಕೂಸುಗಳ ಪಟ್ಟಿಯನ್ನು ಪರದೆಯ ಮೇಲೆ ಇಳಿಸುತ್ತಿತ್ತು. ಪಟ್ಟಿ ನೋಡಿ ಅವರು ಮನೆಮನೆಗೆ ಫೋನ್ ಹಚ್ಚುತ್ತಿದ್ದರು. ಇಷ್ಟೇ ನಮ್ಮ ಕಾರ್ಖಾನೆ.

ಪುಟದ ಪ್ರೋಗ್ರಾಂ ಬರೆದದ್ದು ಹೈದರಾಬಾದಿನ ಒಬ್ಬ ತರುಣ. ಬರೆದುಕೊಟ್ಟು ಅವನು ದುಬೈ ಕಡೆ ಹಾರಿಹೋದ. ಅವನು ಹೆತ್ತದ್ದನ್ನು ಸಾಕುವ ಪಾಳಿ ನನ್ನದಾಯಿತು.

ನಮ್ಮ ಮೇಲಿನವರು ದೇವೇಂದ್ರಪ್ಪ ಸಾಹೇಬರು. ಬಿಳಿ ಅಂಗಿ, ಬೇಗ ಬರುವ ಸಿಟ್ಟು, ಅಷ್ಟೇ ಬೇಗ ಬರುವ ಚಹಾ. ಬೈದವರಿಗೆ ಚಹಾ ತರಿಸಿ ಕೊಡುವುದು ಅವರ ಪದ್ಧತಿ. ನಾನು ಬಹಳ ಚಹಾ ಕುಡಿದಿದ್ದೇನೆ. ಒಮ್ಮೆ ಅವರು ಅತಿಥಿಗಳನ್ನು ಕರೆದುಕೊಂಡು ಸುರಪುರಕ್ಕೆ ಹೋಗಿ, ರೇಣುಕಾಳ ಕಂಪ್ಯೂಟರಿನಲ್ಲಿ ಹೊಸ ಪುಟ ತೆರೆದು ತೋರಿಸಲು ನಿಂತರು. ಪರದೆ ಬೋಳು. ಒಂದು ಕೂಸೂ ಇಲ್ಲ. ಅಲ್ಲಿಂದಲೇ ನನಗೆ ಫೋನ್: "ಏನ್ರೀ ಸಾವಿತ್ರಿಯವರ, ಯಾದಗಿರಿಯಾಗ ಎಲ್ಲಾ ಕಾಣ್ತದ, ಇಲ್ಲಿ ಮಾನ ತಗೀತೀರಿ!"

ಎರಡು ದಿನ ತಲೆ ಕೆರೆದುಕೊಂಡ ಮೇಲೆ ತಿಳಿಯಿತು. ಆ ತರುಣನ ಪ್ರೋಗ್ರಾಂ ಫೈಲನ್ನು ಕಳಿಸು ಎಂದು ಕೇಳಿ, ಅದು ಬಂದು ಮುಟ್ಟುವ ಮೊದಲೇ ಓದಲು ಶುರು ಮಾಡುತ್ತಿತ್ತು. ಯಾದಗಿರಿಯಲ್ಲಿ ಫೈಲು ಪಕ್ಕದ ಕೋಣೆಯಲ್ಲೇ ಇದ್ದುದರಿಂದ ಕೇಳುವುದೂ ಬರುವುದೂ ಒಂದೇ. ಸುರಪುರದ ಲೈನಿನಲ್ಲಿ ಅದು ತೆವಳುತ್ತ ಬರಬೇಕು. ಅಕ್ಕಿ ಹಾಕಿದ ಕೂಡಲೇ ಬಡಿಸಲು ಕೂತರೆ ತಾಟಿನಲ್ಲಿ ಏನಿರುತ್ತದೆ? ಫೈಲು ಪೂರಾ ಬಂದಿದೆ ಎಂದು ಖಾತ್ರಿಯಾಗುವವರೆಗೆ ಕಾಯು ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟೆ. ಕಾಯುವಷ್ಟು ಹೊತ್ತು ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗುವ ಹಾಗೆ ಮಾಡಿದೆ. ಆ ಚಕ್ರ ನೋಡಿ ಬೇಸರಪಡುವವರಿಗೆ ಗೊತ್ತಿರಲಿ, ಅದು ಇಲ್ಲದಿದ್ದಾಗ ಇನ್ನೂ ಕಷ್ಟವಿತ್ತು.

ದೇವೇಂದ್ರಪ್ಪನವರಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. "ಖಾಲಿ ಬಿಟ್ರ ಕೆಲಸ ಮಾಡಿಲ್ಲಂತ ಅರ್ಥ" ಅನ್ನುತ್ತಿದ್ದರು. ಹಾಗಾಗಿ ಕೂಸಿನ ಹೆಸರು ತುಂಬದೆ ಮುಂದೆ ಹೋಗಲು ಕಂಪ್ಯೂಟರು ಬಿಡುತ್ತಿರಲಿಲ್ಲ. ಆದರೆ ನಮ್ಮ ಕಡೆ ಕೂಸಿಗೆ ಹೆಸರು ಬರುವುದು ತೊಟ್ಟಿಲಿಗೆ ಹಾಕಿದ ದಿನ. ಸೋದರತ್ತೆ ಬರಬೇಕು, ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಧಪಧಪ ಗುದ್ದಬೇಕು. ಅದಾಗುವವರೆಗೆ ಅದು ಬರೀ ಕೂಸು. ರೇಣುಕಾ ಏನು ಮಾಡಬೇಕು? ಹೆಸರಿನ ಜಾಗದಲ್ಲಿ ಒಂದು ಚುಕ್ಕೆ ಒತ್ತಿ ಮುಂದೆ ಹೋಗುತ್ತಿದ್ದಳು. ಸುರಪುರದ ಕಡೆ ಎಷ್ಟು ಮಕ್ಕಳ ಹೆಸರು ಚುಕ್ಕೆ ಎಂದು ಸಾಹೇಬರೇ ಒಂದು ದಿನ ನೋಡಿ, ಬೈದು, ಚಹಾ ತರಿಸಿ, ಕೊನೆಗೆ ಆ ಕಡ್ಡಾಯವನ್ನು ತೆಗೆಸಿದರು. ಸುರಪುರದ ತುದಿಯಲ್ಲಿ ತೆಗೆದೆವು. ಶಹಾಪುರದ ತುದಿಯಲ್ಲಿ ಓದುವ ಪುಟಕ್ಕೆ ಈ ಸುದ್ದಿ ಮುಟ್ಟಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅದೇ ಹೊತ್ತಿಗೆ ಸುರಪುರದ ಹತ್ತಿರದ ಒಂದು ಹಳ್ಳಿಯಲ್ಲಿ ನಿಂಗಮ್ಮ ಎಂಬಾಕೆ ತವರಿಗೆ ಬಂದು ಹಡೆದಿದ್ದಳು. ಮೊದಲ ಕೂಸು, ಹೆಣ್ಣು. ಹಾಲು ಕುಡಿಯುವಾಗ ಕೂಸಿನ ಹಣೆ ಬೆವರುತ್ತಿತ್ತು, ತುಟಿ ನೀಲಿಗಟ್ಟುತ್ತಿತ್ತು. ರೇಣುಕಾ ನೋಡಿದವಳೇ ಇದು ಎದೆಯ ತೊಂದರೆ ಇರಬಹುದೆಂದು ಬರೆದುಕೊಂಡಳು. "ಹೈದರಾಬಾದಿನಿಂದ ಹೃದಯದ ಡಾಕ್ಟರ್ ಶಹಾಪುರಕ್ಕ ಬರ್ತಾರ. ಫೋನ್ ಬಂದ ಕೂಡ್ಲೆ ಬಾ" ಎಂದು ಹೇಳಿ ಬಂದಳು. ಆ ಡಾಕ್ಟರು ಬರುವುದು ಅಪರೂಪ, ಬಂದರೆ ಒಂದೇ ದಿನ. ನಿಂಗಮ್ಮ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಾದಳಂತೆ. ಕೂಸಿಗೆ ಹೆಸರಿಟ್ಟಿರಲಿಲ್ಲ. ಸೋದರತ್ತೆ ಮಲ್ಲಮ್ಮ ಸೈದಾಪುರದಲ್ಲಿದ್ದು ಕಡೇಚೂರಿನ ಫ್ಯಾಕ್ಟರಿಗೆ ಹೋಗುವವಳು. ಅವಳಿಗೆ ರಜೆ ಸಿಕ್ಕಿರಲಿಲ್ಲ ಅನ್ನುವುದು ಹೊರಗಿನವರಿಗೆ ಹೇಳುವ ಮಾತು. ಒಳಗಿನ ಮಾತು ಬೇರೆಯೇ ಇತ್ತು. ಕೂಸು ಉಳಿಯುತ್ತದೋ ಇಲ್ಲವೋ ಎಂದು ಎರಡೂ ಮನೆಯವರಿಗೆ ಹೆದರಿಕೆ.

ಶಿಬಿರದ ದಿನ ಬೆಳಿಗ್ಗೆ ರೇಣುಕಾಳ ಫೋನ್ ಬಂತು. "ಸಾವಿತ್ರಕ್ಕಾ, ನಮ್ಮ ಕಡೀ ಮಂದಿಗಿ ಯಾಕ ಫೋನ್ ಬಂದಿಲ್ಲ? ಡಾಕ್ಟರ್ ಬಂದು ಕುಂತಾರಂತ. ನಿಂಗಮ್ಮ ನನಗ ಕೇಳಾಕತ್ಯಾಳ. ಏನ್ ಹೇಳ್ಲಿ?"

"ನೀ ಆಕೀನ ಕರಕೊಂಡು ಮದ್ಲ ಬಸ್ ಹತ್ತು. ಉಳದದ್ದು ನಾ ನೋಡ್ತೀನಿ" ಎಂದೆ.

ಶಹಾಪುರದ ಕೌಂಟರಿಗೆ ಕೇಳಿದರೆ, ಪಟ್ಟಿಯಲ್ಲಿದ್ದ ಎಲ್ಲರಿಗೂ ಫೋನ್ ಮಾಡಿದ್ದೇವೆ ಎಂದರು. ಪಟ್ಟಿಯಲ್ಲಿ ಇಲ್ಲದವರನ್ನು ನೋಡಲು ಡಾಕ್ಟರರಿಗೆ ಹೊತ್ತೂ ಇಲ್ಲ, ಸಂಜೆ ಯಾದಗಿರಿಯಿಂದ ಅವರಿಗೆ ರೈಲು ಎಂದರು. ಫೈಲು ತೆರೆದು ನೋಡಿದೆ. ನಿಂಗಮ್ಮ ಇದ್ದಾಳೆ, ಅವಳ ಕೂಸಿದೆ, ಕೂಸಿನ ಹಿಂದೆ ಸಾಲಾಗಿ ಇನ್ನೆಷ್ಟೋ ಕೂಸುಗಳಿವೆ. ಪುಟ ತೆರೆದು ನೋಡಿದೆ. ನಿಂಗಮ್ಮನಿಗಿಂತ ಮೊದಲಿನ ಹೆಸರಿಗೇ ಪಟ್ಟಿ ನಿಂತಿದೆ. ತಪ್ಪಾಗಿದೆ ಎಂದು ಒಂದಕ್ಷರವಿಲ್ಲ. ಕೆಳಗೆ ಎಡಮೂಲೆಯಲ್ಲಿ ಸಾಸಿವೆಯಷ್ಟು ಒಂದು ಹಳದಿ ಎಚ್ಚರಿಕೆ ತ್ರಿಕೋನ ಮಾತ್ರ. ಅದನ್ನು ಯಾರು ನೋಡುತ್ತಾರೆ? ಅರ್ಧಕ್ಕೆ ನಿಂತ ಪಟ್ಟಿ ಪೂರ್ತಿ ಮುಗಿದ ಪಟ್ಟಿಯ ಹಾಗೆಯೇ ಕಾಣುತ್ತದೆ. ಹೊಸಬರೇ, ಇದೊಂದನ್ನು ಮರೆಯಬೇಡಿ.

ಆಗಿದ್ದಿಷ್ಟು. ಆ ತರುಣನ ಪ್ರೋಗ್ರಾಂ ಹೆಸರಿನ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಇದ್ದೇ ಇರುತ್ತದೆ ಎಂಬ ನಂಬಿಕೆಯಿಂದ ಕೈ ಹಾಕುತ್ತಿತ್ತು. ಅವನು ಬರೆಯುವಾಗ ಹೆಸರು ಕಡ್ಡಾಯವಿತ್ತು, ಚುಕ್ಕೆಯಾದರೂ ಇರುತ್ತಿತ್ತು. ಈ ಸಲ ಕೈಗೆ ಏನೂ ಸಿಗಲಿಲ್ಲ. ಪ್ರೋಗ್ರಾಂ ಅಲ್ಲೇ ಕುಸಿದು ಕೂತಿತು. ಹೆಸರಿಲ್ಲದ ಒಂದು ಕೂಸಿನ ಹತ್ತಿರ ನಿಂತು, ಅದರ ಹಿಂದಿದ್ದ ಹೆಸರಿದ್ದ ಕೂಸುಗಳನ್ನೂ ಮುಂದೆ ಬಿಡಲಿಲ್ಲ.

ದೇವೇಂದ್ರಪ್ಪನವರು ನನ್ನ ಹೆಗಲ ಮೇಲಿಂದ ಬಾಗಿ ನೋಡುತ್ತಿದ್ದರು. "ಏನರ ಒಂದು ಹೆಸರು ತುಂಬ್ರಿ ಅಲ್ಲಿ. ಲಕ್ಷ್ಮಿ ಅಂತ ಹಾಕ್ರಿ. ಪಟ್ಟಿ ಹರೀತದ, ಆಮ್ಯಾಲ ತಿದ್ದಿದ್ರಾತು."

ಸುಲಭದ ದಾರಿ ಅದೇ. ನನ್ನ ಬೆರಳೂ ಅತ್ತ ಹೋಗಿತ್ತು. ಆದರೂ ಒಂದು ಮಾತು ಕೇಳೋಣ ಎಂದು ರೇಣುಕಾಳಿಗೆ ಫೋನ್ ಹಚ್ಚಿದೆ. ಅವರು ಬಸ್ಸಿನಲ್ಲಿದ್ದರು. ರೇಣುಕಾ ಫೋನನ್ನು ನಿಂಗಮ್ಮನ ಕಿವಿಗೆ ಹಿಡಿದಳು.

"ನಿಂಗಮ್ಮಾ, ಕಂಪ್ಯೂಟರಿನ್ಯಾಗ ಕೂಸಿಗಿ ಒಂದ್ ಹೆಸರ ಹಾಕಬೇಕಾಗ್ಯಾದ. ಸುಮ್ನ ಹಂಗೇ, ಕೆಲಸಕ್ಕಂತ."

ಬಸ್ಸಿನ ಸದ್ದಿನ ನಡುವೆ ಅವಳು ಅಂದಳು: "ಬ್ಯಾಡ್ರಿ ಮೇಡಂರಿ. ನಾನೇ ಇನ್ನಾ ಹೆಸರ ಹಿಡದು ಕರದಿಲ್ಲ. ಕರದು ಆಸೆ ಹಚ್ಚಿಕೊಂಡ್ರ ಹ್ಯಾಂಗ ಅಂತ ನನಗ ಅಂಜಿಕಿ. ಆಕಿ ಅತ್ತಿ ಬಂದು ಕಿವ್ಯಾಗ ಹೇಳ್ಳಿ. ಅಲ್ಲೀತನ ಕೂಸಿಗಿ ಕೂಸ ಅಂತಾನೇ ಇರ್ಲಿ."

ಬೆರಳನ್ನು ಹಿಂದೆ ತೆಗೆದುಕೊಂಡೆ. ಸಾಹೇಬರಿಗೂ ಕೇಳಿಸಿತ್ತು. ಅವರು ಕಿಟಕಿಯ ಕಡೆ ಹೋಗಿ ನಿಂತರು.

ಹೆಸರು ತುಂಬಲಿಲ್ಲ. ಅದರ ಬದಲು ಪ್ರೋಗ್ರಾಮನ್ನು ತಿದ್ದಿದೆ. ಡಬ್ಬಿಗೆ ಕೈ ಹಾಕುವ ಮೊದಲು ಒಳಗೆ ಏನಾದರೂ ಇದೆಯೇ ನೋಡು, ಇಲ್ಲದಿದ್ದರೆ 'ಹೆಸರಿಲ್ಲ' ಎಂದು ತೋರಿಸಿ ಮುಂದೆ ನಡೆ. ಪುಟ ಮತ್ತೆ ತೆರೆಯಿತು. ಚಕ್ರ ತಿರುಗಿತು, ನಿಂತಿತು, ಪಟ್ಟಿ ಉದ್ದಕ್ಕೂ ಇಳಿಯಿತು. ಶಹಾಪುರದವರು ಉಳಿದವರಿಗೆ ಫೋನ್ ಮಾಡಲು ಶುರು ಮಾಡಿದರು. ದೇವೇಂದ್ರಪ್ಪನವರು ಬೈಯದೆಯೇ ಚಹಾ ತರಿಸಿದ್ದು ಅದೇ ಮೊದಲು. ಗೆದ್ದೆವು ಎಂದುಕೊಂಡೆ.

ಚಹಾ ಮುಗಿದು ಎಷ್ಟೋ ಹೊತ್ತಾದ ಮೇಲೆ ಅಲ್ಲಿ ಹೇಗೆ ನಡೆದಿದೆ ಎಂದು ರೇಣುಕಾಳಿಗೆ ಫೋನ್ ಮಾಡಿದೆ. ಹಿಂದೆ ಮೈಕಿನ ದನಿ ಕೇಳುತ್ತಿತ್ತು. ಪಟ್ಟಿ ನೋಡಿ ಒಬ್ಬ ಕೂಗುತ್ತಿದ್ದ: "ಹೆಸರಿಲ್ಲ! ಹೆಸರಿಲ್ಲ ಯಾರದ, ಒಳಗ ಬರ್ರಿ!"

ನಾನು ಬರೆದ ಮಾತು. ಪರದೆಯ ಮೇಲೆ ಸರಿಯಾಗಿಯೇ ಕಂಡಿತ್ತು. ಮೈಕಿನಲ್ಲಿ ಕೇಳಿದಾಗ ಬೈಗುಳದ ಹಾಗಿತ್ತು.

"ಯಾರೂ ಏಳಾಕತ್ತಿಲ್ಲಕ್ಕಾ" ಎಂದಳು ರೇಣುಕಾ. "ನಿಂಗಮ್ಮಗ ಏಳು ಅಂದ್ರ ಅಳ್ಕೋತ ಕುಂತಾಳ. ಅನಾಥ ಕೂಸಿಗಿ ಕರದಂಗ ಕರೀತಾರ, ನಾ ಹ್ಯಾಂಗ ಏಳ್ಲಿ ಅಂತಾಳ. ಇನ್ನೂ ಇಬ್ರು ಮೂವರು ಹಂಗೇ ಕುಂತಾರ. ಡಾಕ್ಟರ್ ಚೀಲ ಕಟ್ಟಾಕತ್ಯಾರ."

"ಊರಾಗ ಆ ಕೂಸಿಗಿ ಏನಂತ ಕರೀತೀರಿ?"

"ಏನಂತ? ನಿಂಗಮ್ಮನ ಕೂಸ ಅಂತ."

"ಹಂಗಾರ ಹಂಗೇ ಕರಿ! ಓಡು, ಮೈಕ್ ಇಸ್ಕೋ!"

ಫೋನು ಅವಳ ಕೈಯಲ್ಲೇ ಇತ್ತು. ಅವಳು ಓಡುವ ಸದ್ದು, ಯಾರೋ ಗದರಿದ್ದು, ಮೈಕಿನ ಕಿರುಚು. ಆಮೇಲೆ ರೇಣುಕಾಳ ದನಿ: "ನಿಂಗಮ್ಮನ ಕೂಸ! ನಿಂಗಮ್ಮನ ಕೂಸ ಒಳಗ ಬರ್ಲಿ!" ನಾನು ಇತ್ತ ಕೂತು ಕೇಳುತ್ತಲೇ ಇದ್ದೆ. "ಎದ್ಲಕ್ಕಾ, ಎದ್ಲು" ಎಂದು ಅವಳು ಹೇಳುವವರೆಗೆ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಆ ಕ್ಷಣವೇ 'ಹೆಸರಿಲ್ಲ' ಎಂಬ ಮಾತನ್ನು ಅಳಿಸಿದೆ. ಅಶ್ವಿನಿ ಕೇಳಿದ ಸಾಲನ್ನು ಅದರ ಜಾಗದಲ್ಲಿ ಬರೆದೆ. ಹೆಸರು ಖಾಲಿ ಇದ್ದರೆ ತಾಯಿಯ ಡಬ್ಬಿಯಿಂದ ತಾಯಿಯ ಹೆಸರು ತಗೋ, ಮುಂದೆ ಕೂಸು ಎಂದು ಸೇರಿಸು. ಶಹಾಪುರದಲ್ಲಿ ಪುಟ ಮತ್ತೊಮ್ಮೆ ತೆರೆದರು. ಉಳಿದ ತಾಯಂದಿರೂ ಎದ್ದು ಒಳಗೆ ಹೋದರು.

ನಿಂಗಮ್ಮನ ಕೂಸಿನ ಹೃದಯದಲ್ಲಿ ರಂಧ್ರವಿತ್ತು. ತಡ ಮಾಡುವ ಹಾಗಿಲ್ಲ, ಹೈದರಾಬಾದಿಗೆ ತನ್ನಿ, ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿ ರೈಲಿಗೆ ಹೋದರು. ಕರೆದುಕೊಂಡು ಹೋದವರು ದೇವೇಂದ್ರಪ್ಪ ಸಾಹೇಬರೇ. ಅವರು ಹೋಗಬೇಕೆಂದು ಯಾರೂ ಹೇಳಿರಲಿಲ್ಲ. ದವಾಖಾನೆಯ ಕೌಂಟರಿನಲ್ಲಿ ಕೂತವನು ಕೂಸಿನ ಹೆಸರಿಲ್ಲದೆ ಸೇರಿಸಿಕೊಳ್ಳಲು ಬರುವುದಿಲ್ಲ, ಏನಾದರೊಂದು ಹೇಳಿ ಎಂದನಂತೆ. ಖಾಲಿ ಜಾಗದ ಆ ವೈರಿ, ನಮ್ಮ ಸಾಹೇಬರು, ಅವನ ಜೊತೆ ದಖನಿ ಉರ್ದುವಿನಲ್ಲಿ ಜಗಳಕ್ಕೆ ನಿಂತು, ನಿಂಗಮ್ಮನ ಕೂಸು ಎಂದೇ ಬರೆಸಿ ಬಂದರಂತೆ. ಇದನ್ನು ಅವರು ಹೇಳಲಿಲ್ಲ, ನಿಂಗಮ್ಮ ಹೇಳಿದಳು. ಅವರ ಬೈಗುಳಗಳನ್ನೆಲ್ಲ ನಾನು ಅಂದೇ ಮನ್ನಾ ಮಾಡಿದೆ.

ಆಪರೇಷನ್ ಆದ ಮೇಲೂ ಕೆಲವು ದಿನ ಏನೂ ಹೇಳಲು ಬರುವುದಿಲ್ಲ ಎಂದಿದ್ದರು. ನಾನು ಬೆಳಿಗ್ಗೆ ಕಚೇರಿಗೆ ಬಂದ ಕೂಡಲೇ ಪುಟ ತೆರೆದು ಆ ಒಂದು ಹೆಸರನ್ನು ನೋಡುತ್ತಿದ್ದೆ. ನೋಡಿ ಮಾಡುವುದೇನೂ ಇರಲಿಲ್ಲ. ಪರದೆಯ ಮೇಲೆ 'ನಿಂಗಮ್ಮನ ಕೂಸು' ಎಂದು ಇರುತ್ತಿತ್ತು, ನಾನು ಕೆಲಸ ಶುರು ಮಾಡುತ್ತಿದ್ದೆ.

ತಿಂಗಳುಗಳಾದ ಮೇಲೆ ರೇಣುಕಾ ಫೋನ್ ಮಾಡಿದಳು. "ತೊಟ್ಟಲಕ್ಕ ಹಾಕ್ತಾರಂತ, ನಿಮ್ಮನ್ನೂ ಸಾಹೇಬರನ್ನೂ ಕರಕೊಂಡು ಬಾ ಅಂದಾರ." ಹೋದೆವು. ಮಲ್ಲಮ್ಮ ರಜೆ ಹಾಕಿ ಸೈದಾಪುರದಿಂದ ಬಂದಿದ್ದಳು. ಕೂಸು ಗುಂಡಗಾಗಿತ್ತು, ತುಟಿ ಕೆಂಪಗಿತ್ತು. ಮಲ್ಲಮ್ಮ ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಏನೋ ಹೇಳಿದಳು. ಹೆಂಗಸರು ಅವಳ ಬೆನ್ನಿಗೆ ಗುದ್ದಿದ ಗುದ್ದಿಗೆ, ಫ್ಯಾಕ್ಟರಿಯ ಮಷಿನ್ನೇ ವಾಸಿ ಎಂದು ಅವಳು ಕೂಗಿದಳು. ನಿಂಗಮ್ಮ ಮಾತ್ರ ಮೂಲೆಯಲ್ಲಿ ಸುಮ್ಮನೆ ಕೂತಿದ್ದಳು. ಹೆಸರು ಕೇಳಿಸಿಕೊಂಡಿದ್ದಳು, ಬಾಯಿಗೆ ತಂದಿರಲಿಲ್ಲ.

"ಮೇಡಂರಿ, ಕಂಪ್ಯೂಟರಿನ್ಯಾಗ ಆ ಜಾಗ ಇನ್ನಾ ಖಾಲಿ ಅದ ಏನ್ರಿ?" ಎಂದು ಕೇಳಿದಳು.

"ಅದ. ನಿನಗಂತನೇ ಬಿಟ್ಟೀನಿ."

"ಹಂಗಾರ ಈಗ ತುಂಬ್ರಿ."

ರೇಣುಕಾ ಮಲ್ಲಮ್ಮನನ್ನು ಕೇಳಿ ಕೇಳಿ ತನ್ನ ಫೋನಿನಲ್ಲಿ ಹೆಸರು ತುಂಬಿ ಕಳಿಸಿದಳು. ನಾನು ನನ್ನ ಫೋನಿನಲ್ಲಿ ಪುಟ ತೆರೆದೆ. ಆ ಊರಿನಲ್ಲಿ ಸಿಗ್ನಲ್ ಅಷ್ಟಕ್ಕಷ್ಟೇ. ಚಕ್ರ ತಿರುಗತೊಡಗಿತು. ಹೆಂಗಸರೆಲ್ಲ ತೊಟ್ಟಿಲು ಬಿಟ್ಟು ನನ್ನ ಸುತ್ತ ನೆರೆದರು.

"ಎಲ್ರಿ, ಬಂತೇನ್ರಿ?" ಎಂದು ಬಾಗಿಲ ಹತ್ತಿರದಿಂದ ದೇವೇಂದ್ರಪ್ಪನವರು.

"ಬರಾಕತ್ತದ್ರಿ ಸರ. ಪೂರಾ ಬರೋತನ ತಡೀರಿ."

ಚಕ್ರ ನಿಂತಿತು. ಪಟ್ಟಿ ಇಳಿಯಿತು. ಇಷ್ಟು ತಿಂಗಳು ನಿಂಗಮ್ಮನ ಕೂಸು ಇದ್ದ ಜಾಗದಲ್ಲಿ ಬೇರೆ ಹೆಸರಿತ್ತು. ಎಲ್ಲರಿಗೂ ಕೇಳಲಿ ಎಂದು ಗಟ್ಟಿಯಾಗಿ ಓದಿದೆ: "ಭಾಗ್ಯಶ್ರೀ."

ಓದಿ ಬಾಯಿ ಮುಚ್ಚಿರಲಿಲ್ಲ, ನನ್ನ ಬೆನ್ನಿನ ಮೇಲೆ ಧಪ್ಪೆಂದು ಒಂದು ಗುದ್ದು ಬಿತ್ತು. ತಿರುಗಿ ನೋಡಿದರೆ ನಿಂಗಮ್ಮನ ಅವ್ವ. "ಹೆಸರ ಹೇಳಿದವರಿಗಿ ಬೀಳಬೇಕಲ್ರಿ ಮತ್ತ" ಎಂದಳು. ಅವಳ ಹಿಂದೆ ಇನ್ನೂ ನಾಲ್ಕು ಕೈ ಬಿದ್ದವು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಾನು ಫೋನು ಬೀಳದ ಹಾಗೆ ಎದೆಗವಚಿಕೊಂಡು ನಗುತ್ತಿದ್ದೆ. ಆ ಗದ್ದಲದ ನಡುವೆ ನಿಂಗಮ್ಮ ಒಬ್ಬಳೇ ತೊಟ್ಟಿಲಿಗೆ ಬಾಗಿ, "ಭಾಗ್ಯಾ, ಏ ಭಾಗ್ಯಾ" ಎಂದು ಮತ್ತೆ ಮತ್ತೆ ಕರೆಯುತ್ತಿದ್ದಳು.